ದೊಡ್ಡ ಆರ್ಕಿಟೆಕ್ಚರ್ ಆಫೀಸಿನಲ್ಲಿ ಇಂಟರ್ನ್‌ಶಿಪ್ ಬೇಕು, ಕಟ್ಟಡದ ಚಿತ್ರ ರೆಂಡರ್ ಮಾಡುವ ಲುಮಿಯಾನ್ ಕಲಿಯಲೋ, ಕಟ್ಟಡದ 3ಡಿ ಮಾದರಿ ಮಾಡುವ ರೆವಿಟ್ ಕಲಿಯಲೋ?

ಎರಡೂ ಆಮೇಲೆ. ಮೊದಲು ನಿಮ್ಮ ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದ ಹಾಗೆ ತೋರಿಸುವ ಡ್ರಾಯಿಂಗ್, ಸರಿ ಮಾಡಿಕೊಳ್ಳಿ.

ಬಿ.ಆರ್ಕ್ ನಾಲ್ಕನೇ ವರ್ಷದಲ್ಲಿ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಓಡುತ್ತಿತ್ತು. ರಜೆ ಪೂರ್ತಿ ರೆಂಡರ್, ಅಂದರೆ ಫೋಟೋ ಥರ ಕಾಣುವ ಕಂಪ್ಯೂಟರ್ ಚಿತ್ರ, ಮಾಡಿದೆ. ಸಂಜೆ ಬೆಳಕು, ಒದ್ದೆ ನೆಲ, ಮರದ ಕೆಳಗೆ ಓಡಾಡುವ ಜನ, ಎಲ್ಲಾ ಹಾಕಿದ್ದೆ. ಬೆಂಗಳೂರಿನ ಒಂದು ದೊಡ್ಡ ಆಫೀಸಿನಿಂದ ಇಂಟರ್‌ವ್ಯೂಗೆ ಕರೆಯೂ ಬಂತು. ಅಲ್ಲಿದ್ದ ಸೀನಿಯರ್ ಆರ್ಕಿಟೆಕ್ಟ್ ರೆಂಡರ್ ಪುಟಗಳನ್ನು ಬೇಗ ಬೇಗ ತಿರುವಿ, ನನ್ನ ಗ್ರಂಥಾಲಯದ ಪ್ಲಾನ್ ಹತ್ತಿರ ನಿಂತರು. ಮೆಟ್ಟಿಲ ಮಧ್ಯೆ ಬರುವ ಚಪ್ಪಟೆ ಜಾಗ, ಅಂದರೆ ಲ್ಯಾಂಡಿಂಗ್ ಮೇಲೆ ಪೆನ್ ಇಟ್ಟು, "ಈ ಲ್ಯಾಂಡಿಂಗ್ ಕೆಳಗಿಂದ ಹಿಂದಿನ ಅಂಗಳಕ್ಕೆ ದಾರಿ ಕೊಟ್ಟಿದ್ದೀರಲ್ಲ, ಎತ್ತರ ಎಷ್ಟು ಸಿಗುತ್ತೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕ ನೋಡಿ. ಮಹಡಿಯಿಂದ ಮಹಡಿಗೆ 3150 ಮಿ.ಮೀ. ರೈಸರ್, ಅಂದರೆ ಒಂದು ಮೆಟ್ಟಿಲ ಎತ್ತರ, 150. ಒಟ್ಟು 21 ರೈಸರ್. ಹತ್ತನೆಯದಕ್ಕೆ ಲ್ಯಾಂಡಿಂಗ್ ಬಂದರೆ ಅದರ ಮೇಲ್ಮಟ್ಟ 1500. ಸ್ಲ್ಯಾಬ್ ದಪ್ಪ 150 ಕಳೆಯಿರಿ, ಉಳಿಯೋದು 1350. ಬೀಮ್ ಬಂದರೆ ಅದೂ ಇಲ್ಲ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಅಲ್ಲಿ ಕನಿಷ್ಠ 2.2 ಮೀಟರ್ ಬೇಕು. ಅದು ಸಿಗಬೇಕಾದರೆ ಲ್ಯಾಂಡಿಂಗ್ ತನಕದ ಮೊದಲ ಫ್ಲೈಟ್‌ನಲ್ಲೇ 16 ರೈಸರ್ ಬೇಕು. ಕಾಲಿಡುವ ಅಗಲ, ಅಂದರೆ ಟ್ರೆಡ್, 300 ಹಿಡಿದರೆ ಆ ಒಂದು ಫ್ಲೈಟ್‌ಗೇ ನಾಲ್ಕೂವರೆ ಮೀಟರ್ ಉದ್ದ. ನನ್ನ ಪ್ಲಾನ್‌ನಲ್ಲಿ ಅಷ್ಟು ಜಾಗವೇ ಇರಲಿಲ್ಲ.

"ಸೆಕ್ಷನ್ ತೋರಿಸಿ" ಅಂದರು. ಸೆಕ್ಷನ್ ಇತ್ತು. ಆದರೆ ಡಬಲ್ ಹೈಟ್ ಹಾಲ್ ಚೆನ್ನಾಗಿ ಕಾಣಲಿ ಅಂತ ಅಲ್ಲಿ ಕಟ್ ಮಾಡಿ, ಮೆಟ್ಟಿಲನ್ನು ಬೇಕಂತಲೇ ತಪ್ಪಿಸಿದ್ದೆ. ಮೆಟ್ಟಿಲು ಬರೆಯೋದು ತಲೆನೋವು ಅಂತ ಸೆಮಿಸ್ಟರ್ ಪೂರ್ತಿ ಮುಂದೂಡಿದ್ದೆ. ಕಾಲೇಜಿನಲ್ಲಿ ಪ್ರಾಜೆಕ್ಟ್ ಪರೀಕ್ಷಿಸುವ ಜ್ಯೂರಿಯಲ್ಲೂ ಯಾರೂ ಕೇಳಿರಲಿಲ್ಲ. ಸೆಕ್ಷನ್ ಕಟ್ ಮಾಡಿದ ಆ ಒಂದು ಗೆರೆ ಎರಡು ಮೀಟರ್ ಆಚೆ ಹಾದುಹೋಗಿದ್ದರೆ ತಪ್ಪು ಕಾಲೇಜಿನಲ್ಲೇ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿ ಕೆಲಸ ಸಿಗಲಿಲ್ಲ.

ಧಾರವಾಡದ ಒಂದು ಸಣ್ಣ ಆಫೀಸಿಗೆ ಸೇರಿದೆ. ಸೆಂಟ್ರಿಂಗ್ ಹೊಡೆಯುವ ಮುಂಚೆ ಮೇಸ್ತ್ರಿ ಗೋಡೆ ಮೇಲೆ ಒಂದೊಂದೇ ಮೆಟ್ಟಿಲನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದರು. ಮುಂದೆ ಕೂರುವ ಗ್ರಾನೈಟ್ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು, ಇಲ್ಲದಿದ್ದರೆ ಮೊದಲ ಮತ್ತು ಕೊನೆಯ ಮೆಟ್ಟಿಲು ಏರುಪೇರಾಗುತ್ತೆ. ಮೆಟ್ಟಿಲು ನನಗೆ ಅರ್ಥವಾಗಿದ್ದು ಅಲ್ಲೇ.

ಈಗ ನಾನು ದೊಡ್ಡ ಆಫೀಸಿನಲ್ಲೇ ಇದ್ದೇನೆ. ಇಂಟರ್ನ್‌ಗಳ ಪೋರ್ಟ್‌ಫೋಲಿಯೋ ನನ್ನ ಟೇಬಲ್‌ಗೂ ಬರುತ್ತೆ, ನಾನು ಮೊದಲು ಹುಡುಕೋದು ಸೆಕ್ಷನ್. ಡ್ರಾಯಿಂಗ್ ಬರೆಯುವ ಆಟೋಕ್ಯಾಡ್‌ನಲ್ಲಿ ಕೈ ಓಡಿದರೆ ಸಾಕು. ರೆವಿಟ್ ಗೊತ್ತಿದ್ದರೆ ಒಳ್ಳೆಯದೇ, ಗೊತ್ತಿಲ್ಲದಿದ್ದರೆ ನಾವೇ ಕಲಿಸ್ತೀವಿ. ಕಟ್ಟಡ ಹೇಗೆ ನಿಲ್ಲುತ್ತೆ ಅಂತ ಯೋಚಿಸೋದನ್ನು ಕಲಿಸೋಕೆ ನಮಗೆ ಪುರುಸೊತ್ತಿರಲ್ಲ.

ಹಾಗಾಗಿ ಹಳೆಯ ಒಂದೇ ಪ್ರಾಜೆಕ್ಟ್ ತೆಗೆದುಕೊಳ್ಳಿ. ಮೆಟ್ಟಿಲು ಮತ್ತು ಟಾಯ್ಲೆಟ್ ಎರಡರ ಮೂಲಕ ಹಾಯುವ ಸೆಕ್ಷನ್ ಅನ್ನು 1:20ರಲ್ಲಿ ಬರೆಯಿರಿ. ಪೈಪ್ ಕೂರಲು ಟಾಯ್ಲೆಟ್ ಕೆಳಗೆ ತಗ್ಗಿಸುವ ಸಂಕನ್ ಸ್ಲ್ಯಾಬ್ ಎಷ್ಟು, ಪೈಪ್ ಎಲ್ಲಿ ಇಳಿಯುತ್ತೆ, ಎಲ್ಲಾ ಕಾಣಬೇಕು. ಅಳತೆ ಅಂದಾಜಿಗೆ ಸಿಗದಿದ್ದರೆ ಟೇಪ್ ಹಿಡಿದು ಕಾಲೇಜಿನ ಮೆಟ್ಟಿಲನ್ನೇ ಅಳೆಯಿರಿ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದು ಅಂತ ಅಲ್ಲೇ ಬರೆಯಿರಿ.

ಇನ್ನು, ದೊಡ್ಡ ಆಫೀಸೇ ಬೇಕು ಅನ್ನೋ ಹಟ ನನಗೆ ಒಪ್ಪಿಗೆಯಿಲ್ಲ. ಒಂದು ಸೆಮಿಸ್ಟರ್ ಪೂರ್ತಿ ಒಂದೇ ಟವರ್‌ನ ಬಾಗಿಲು-ಕಿಟಕಿ ಪಟ್ಟಿ ಮಾಡುವುದರಲ್ಲೇ ಕಳೆಯಬಹುದು. ವಾರಕ್ಕೆರಡು ಸಲ ಸೈಟಿಗೆ ಕಳಿಸುವ ಸಣ್ಣ ಆಫೀಸು ಸಿಕ್ಕರೆ ನಾನಂತೂ ಅದನ್ನೇ ಆರಿಸಿಕೊಳ್ಳಿ ಅಂತೀನಿ. ಆದರೆ ಅಲ್ಲಿನ ಆರ್ಕಿಟೆಕ್ಟ್ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಮಾಡಿಸಿದ್ದಾರಾ, ಕಾಲೇಜು ಆ ಟ್ರೈನಿಂಗ್ ಒಪ್ಪುತ್ತಾ, ಎರಡನ್ನೂ ಸೇರುವ ಮುಂಚೆಯೇ ಕೇಳಿಕೊಳ್ಳಿ.