ಹೊಸ ಲಿಬ್ರೆಆಫೀಸ್‌ಗೆ ಕಾಯಬೇಕಾ?

ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನ 2026ರ ಫೆಬ್ರುವರಿ ಆವೃತ್ತಿ 26.2 ಬಗ್ಗೆ, ಅದರಲ್ಲೂ ವರ್ಡ್‌ನಂತೆ ಟೈಪ್ ಮಾಡಲು ಅದರಲ್ಲಿರುವ ರೈಟರ್ ಬಗ್ಗೆ, ಈ ಸಲ ಜಾಸ್ತಿ ಪ್ರಶ್ನೆ ಬಂದಿವೆ. ಮೂರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ, ಕಂಪ್ಯೂಟರ್‌ನಲ್ಲಿ ವಿಂಡೋಸ್ 8.1 ಇದೆ. ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರ ಎಲ್ಲ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು. ಹೊಸ ಆವೃತ್ತಿ ಹಾಕಿಕೊಂಡರೆ ಅವು ಯೂನಿಕೋಡ್ ಆಗುತ್ತವಾ?

ಯೂನಿಕೋಡ್ ಅಂದ್ರೆ ಯಾವ ಕಂಪ್ಯೂಟರ್‌ಗೂ ಕನ್ನಡ ಅಂತಲೇ ಗೊತ್ತಾಗುವ ಅಕ್ಷರ ಸಂಕೇತ; ಹಾಗೆ ಆಗುವುದಿಲ್ಲ. ಅದಕ್ಕಿಂತ ಮೊದಲು, ಹೊಸ ಆವೃತ್ತಿ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುವುದೇ ಇಲ್ಲ. 2025ರ ಆಗಸ್ಟ್‌ನ 25.8ರಿಂದಲೇ ವಿಂಡೋಸ್ 7, 8, 8.1ನ್ನು ಕೈಬಿಟ್ಟಿದ್ದಾರೆ. ಸರಿ, ವಿಂಡೋಸ್ 10 ಹಾಕಿಸೋಣ ಅಂದ್ರೆ ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಮಂಗಳ ಹಾಡಿದೆ. ಕಂಪ್ಯೂಟರ್ ಹಳೆಯದಾಗಿದ್ದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿ ನೋಡಿ, ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತದೆ. ಕೀಬೋರ್ಡ್ ಚಿಂತೆ ಬೇಡ, ನಿಮ್ಮ ಕೈಗೆ ಕೂತಿರುವ ಕಗಪ ವಿನ್ಯಾಸವೂ ಅದರಲ್ಲಿ ಸಿಗುತ್ತದೆ.

ಈಗ ಫೈಲಿನ ವಿಷಯ. ನಿಮ್ಮ ಹಳೇ ಫೈಲಿನಲ್ಲಿ ಕಂಪ್ಯೂಟರ್ ಲೆಕ್ಕಕ್ಕೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟ್ ಅದು. ಒಂದು ಸಾಲು ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿ, ತಲೆಬುಡವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ಅದನ್ನು ಕನ್ನಡ ಅಂತ ಗುರುತಿಸುವುದು ರೈಟರ್ ಕೆಲಸ ಅಲ್ಲ, ವರ್ಡ್ ಕೆಲಸವೂ ಅಲ್ಲ. ನುಡಿ, ಬರಹ ಅನ್ನೋ ಕನ್ನಡ ತಂತ್ರಾಂಶಗಳೆರಡರಲ್ಲೂ ಪರಿವರ್ತಕ ಇದೆ, ಅದನ್ನೇ ಬಳಸಿ. ಆದರೆ ಒಂದೇ ಏಟಿಗೆ ಇಡೀ ಫೋಲ್ಡರ್ ಬದಲಿಸಲು ಹೋಗಬೇಡಿ. ನಡುನಡುವೆ ಇಂಗ್ಲಿಷ್‌ನಲ್ಲಿ ಇಮೇಲ್ ವಿಳಾಸ, ಹೆಸರು ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ಏನೇನೋ ಮಾಡಿಬಿಡುತ್ತೆ. ಅರ್ಕಾವೊತ್ತು ಇರುವ ಪದಗಳನ್ನಂತೂ ಕಣ್ಣಿಟ್ಟು ನೋಡಿ. ಸೂರ್ಯ, ಕಾರ್ಯಕ್ರಮ, ವರ್ಷ ಇವೆಲ್ಲ ಲಗ್ನಪತ್ರಿಕೆಯಲ್ಲಿ ಬರುವಂಥವೇ ಅಲ್ವಾ? ಮೂಲ ಫೈಲು ಹಾಗೇ ಇರಲಿ, ನಕಲಿನ ಮೇಲೆ ಕೆಲಸ ಮಾಡಿ.

ಪ್ರಶ್ನೆ: 26.2ರಲ್ಲಿ ಮಾರ್ಕ್‌ಡೌನ್ ಬರುತ್ತದಂತೆ. ಹಾಗಂದ್ರೆ ಏನು, ನನಗೆ ಬೇಕಾ? ಅಲ್ಲಿಯವರೆಗೆ ಕಾಯಲಾ?

ಚಾಟ್‌ಜಿಪಿಟಿಯಿಂದ ಏನಾದರೂ ಕಾಪಿ ಮಾಡಿದಾಗ ಪದಗಳ ಅಕ್ಕಪಕ್ಕ ಎರಡೆರಡು ನಕ್ಷತ್ರ, ತಲೆಬರಹದ ಮುಂದೆ # ಚಿಹ್ನೆ ಬಂದು ಕೂತಿದ್ದನ್ನು ನೋಡಿರುತ್ತೀರಿ. ಅದೇ ಮಾರ್ಕ್‌ಡೌನ್. ಜಾನ್ ಗ್ರೂಬರ್ 2004ರಲ್ಲಿ ಹೊರತಂದ ಬರವಣಿಗೆ ಕ್ರಮ ಅದು. ನಕ್ಷತ್ರ ಅಂದ್ರೆ ದಪ್ಪಕ್ಷರ, # ಅಂದ್ರೆ ತಲೆಬರಹ. ಇಷ್ಟು ದಿನ ಆ ನಕ್ಷತ್ರಗಳನ್ನೆಲ್ಲ ನಾವೇ ಕೂತು ಅಳಿಸಬೇಕಿತ್ತು. ಇನ್ನು ಮುಂದೆ ಆ ಪಠ್ಯವನ್ನು ನೋಟ್‌ಪ್ಯಾಡ್‌ಗೆ ಹಾಕಿ, ಹೆಸರಿನ ಕೊನೆಗೆ ಡಾಟ್ ಎಂಡಿ (.md) ಅಂತ ಕೊಟ್ಟು ಸೇವ್ ಮಾಡಿ ರೈಟರ್‌ನಲ್ಲಿ ತೆರೆದರೆ ತಲೆಬರಹ ತಲೆಬರಹವಾಗೇ ಬರುತ್ತದೆ. ರೈಟರ್‌ನಲ್ಲಿ ಬರೆದಿದ್ದನ್ನು ಮಾರ್ಕ್‌ಡೌನ್ ಆಗಿ ಉಳಿಸಲೂಬಹುದು. ಪತ್ರ, ಅರ್ಜಿ ಬರೆಯುವವರಿಗೆ ಇದರಿಂದ ಅಂಥ ಉಪಯೋಗವೇನಿಲ್ಲ. ಸಾಫ್ಟ್‌ವೇರ್ ಕೆಲಸದವರಿಗೆ, ಬ್ಲಾಗ್ ಬರೆಯುವವರಿಗೆ ಮಾತ್ರ ಹಬ್ಬ.

ಕಾಯುವ ಮಾತಂತೂ ಬಿಡಿ. ವರ್ಷಕ್ಕೆ ಎರಡು ಸಲ, ಫೆಬ್ರುವರಿ ಮತ್ತು ಆಗಸ್ಟ್‌ಗೆ, ಹೊಸದು ಬಂದೇ ಬರುತ್ತದೆ. ನಂಬರಿನಲ್ಲೇ ಅದು ಗೊತ್ತಾಗುತ್ತೆ: 26.2 ಅಂದ್ರೆ 2026ರ ಎರಡನೇ ತಿಂಗಳು. ಹಾಗಾಗಿ ಈಗಿರುವುದನ್ನು ಹಾಕಿಕೊಂಡು ಕೆಲಸ ಶುರು ಮಾಡಿ. ಕುತೂಹಲ ತಡೆಯಲಾಗದಿದ್ದರೆ ಬೀಟಾ, ಅಂದ್ರೆ ಪರೀಕ್ಷೆಗೆಂದು ಮೊದಲೇ ಬಿಡುವ ಆವೃತ್ತಿ, ಹಾಕಿ ನೋಡಬಹುದು. ಅದು ಲಿಬ್ರೆಆಫೀಸ್‌ಡೆವ್ ಅನ್ನೋ ಹೆಸರಲ್ಲಿ ಬೇರೆಯಾಗಿ ಕೂರುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ನಾಳೆ ಕೊಡಬೇಕಾದ ಕೆಲಸವನ್ನು ಮಾತ್ರ ಅದರಲ್ಲಿ ಮಾಡಬೇಡಿ. ನನ್ನನ್ನು ಕೇಳಿದರೆ, ಸದ್ದಿಲ್ಲದೆ ಬಂದ ಸಣ್ಣ ಬದಲಾವಣೆಗಳೇ ಜಾಸ್ತಿ ಉಪಕಾರದವು. 24.2ರಿಂದ ಆಟೋರಿಕವರಿ, ಅಂದ್ರೆ ಟೈಪ್ ಮಾಡಿದ್ದನ್ನು ಆಗಾಗ ತಾನೇ ಉಳಿಸಿಕೊಳ್ಳುವ ಸೌಲಭ್ಯ, ತಾನಾಗೇ ಆನ್ ಆಗಿರುತ್ತದೆ. ಟೈಪ್ ಮಾಡುವಾಗ ಕರೆಂಟ್ ಹೋಗುವ ನಮ್ಮಂಥವರಿಗೆ ಮಾರ್ಕ್‌ಡೌನ್‌ಗಿಂತ ಅದೇ ದೊಡ್ಡದು.

ಪ್ರಶ್ನೆ: ರೈಟರ್‌ನ ಸ್ಟೈಲ್‌ನಲ್ಲಿ ಅಕ್ಷರದ ಗಾತ್ರ 14 ಅಂತ ಕೊಟ್ಟರೆ ಇಂಗ್ಲಿಷ್ ಮಾತ್ರ ದೊಡ್ಡದಾಗುತ್ತದೆ, ಕನ್ನಡ ಜಪ್ಪಯ್ಯ ಅನ್ನೋಲ್ಲ. ಹೊಸದರಲ್ಲಿ ಸರಿಹೋಗುತ್ತಾ?

ಇದು ದೋಷ ಅಲ್ಲ, ಆದರೆ ದೋಷದಷ್ಟೇ ಕಾಟ ಕೊಡುತ್ತೆ. ರೈಟರ್ ಪ್ರತಿ ಸ್ಟೈಲ್‌ನಲ್ಲೂ ಇಂಗ್ಲಿಷ್‌ನಂಥ ಲಿಪಿಗೆ ಒಂದು, ಚೀನಿ ಜಪಾನಿಗೆ ಒಂದು, ಕನ್ನಡ ಹಿಂದಿ ಅರಬ್ಬಿಯಂಥವಕ್ಕೆ ಇನ್ನೊಂದು ಅಂತ ಮೂರು ಫಾಂಟ್ ಇಟ್ಟುಕೊಳ್ಳುತ್ತದೆ. ನೀವು ಬದಲಿಸಿದ್ದು ಮೊದಲನೆಯದನ್ನು. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಆ್ಯಂಡ್ ಲೊಕೇಲ್ಸ್ ಒಳಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನೋದಕ್ಕೆ ಟಿಕ್ ಹಾಕಿ, ಭಾಷೆ ಕನ್ನಡ ಅಂತ ಆರಿಸಿ. ಆಮೇಲೆ ಎಫ್11 ಒತ್ತಿ, ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್‌ಗೆ ಹೋಗಿ. ಫಾಂಟ್ ಪುಟದಲ್ಲಿ ಕಾಂಪ್ಲೆಕ್ಸ್ ಅನ್ನೋ ಭಾಗ ಇರುತ್ತೆ, ಗಾತ್ರ ಅಲ್ಲಿ ಕೊಡಿ. ಇದಕ್ಕೆ ಹೊಸ ಆವೃತ್ತಿ ಬರಲಿ ಅಂತ ಕಾಯೋದೇನೂ ಬೇಡ.