ಪೆಂಟಿಯಮ್ 4 (3.8 ಗಿಗಾಹರ್ಟ್ಜ್) ಮತ್ತು ಕೋರ್ 2 ಡ್ಯುಯೊ ಇ6300 (1.86 ಗಿಗಾಹರ್ಟ್ಜ್): ಈ ಎರಡು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಯಾವುದು ಒಳ್ಳೆಯದು?
ಕೋರ್ 2 ಡ್ಯುಯೊ. ಗಿಗಾಹರ್ಟ್ಜ್ ಅರ್ಧದಷ್ಟೇ ಇದೆ ಅಂತ ಅನುಮಾನ ಬರೋದು ಸಹಜ. ಆದರೆ ಆ ಅಂಕಿ ಹೇಳುವುದು ಸೆಕೆಂಡಿಗೆ ಎಷ್ಟು ಗಡಿಯಾರ ಬಡಿತ ಅಂತ ಮಾತ್ರ. ಅದೊಂದನ್ನೇ ನೋಡಬೇಡಿ, ಒಂದೊಂದು ಗಡಿಯಾರ ಬಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವುದೇ ಮುಖ್ಯ.

2004ರ ಆ ಪೆಂಟಿಯಮ್ 4ರಲ್ಲಿ ಪೈಪ್‌ಲೈನ್ (ಪ್ರತಿ ಆದೇಶವೂ ಒಂದೊಂದಾಗಿ ದಾಟುವ ಹಂತಗಳ ಸಾಲು) 31 ಹಂತದ್ದು. ಗಿಗಾಹರ್ಟ್ಜ್ ಏರಿಸಲು ಹಾಗೆ ಉದ್ದ ಮಾಡಿದ್ದರು. ಮುಂದೆ ಯಾವ ದಾರಿ ಅಂತ ಪ್ರೊಸೆಸರ್ ಮಾಡಿದ ಊಹೆ ತಪ್ಪಿದರೆ, ಅರ್ಧ ಆದ ಕೆಲಸವನ್ನೆಲ್ಲ ಬಿಸಾಕಿ ಮತ್ತೆ ಶುರು ಮಾಡಬೇಕು. ಪೈಪ್‌ಲೈನ್ ಉದ್ದವಾದಷ್ಟೂ ನಷ್ಟ ಜಾಸ್ತಿ, ಅಲ್ವಾ? 2006ರ ಕೋರ್ 2ರಲ್ಲಿ ಬರೀ 14 ಹಂತ. ಜೊತೆಗೆ ಎರಡು ಕೋರ್, ಅಂದರೆ ಒಂದೇ ಸಲ ಕೆಲಸ ಮಾಡುವ ಎರಡು ಘಟಕ.

ವಿದ್ಯುತ್ ವಿಷಯದಲ್ಲೂ ಅದೇ ಗೆಲ್ಲುತ್ತದೆ. ಇಂಟೆಲ್ ಕೊಟ್ಟ ಟಿಡಿಪಿ (ತಂಪು ವ್ಯವಸ್ಥೆ ಹೊರಹಾಕಬೇಕಾದ ಶಾಖದ ಅಳತೆ) ಪೆಂಟಿಯಮ್‌ಗೆ 115 ವ್ಯಾಟ್, ಇ6300ಗೆ 65. ಫ್ಯಾನ್ ಸದ್ದೂ ಕಡಿಮೆ. ಕೊಳ್ಳುವ ಮುನ್ನ ನಿಮ್ಮ ಮದರ್‌ಬೋರ್ಡ್ ಕೋರ್ 2ಗೆ ಹೊಂದುತ್ತದೆಯೇ ನೋಡಿ. ಸಾಕೆಟ್ (ಪ್ರೊಸೆಸರ್ ಕೂರಿಸುವ ಜಾಗ) ಒಂದೇ ಆದರೂ ಹಳೆಯ ಎಷ್ಟೋ ಬೋರ್ಡ್‌ಗಳಲ್ಲಿ ಅದು ನಡೆಯುವುದಿಲ್ಲ.