ಕಾರಿನ ಸೀಟ್ ಕಂಟ್ರೋಲ್ ಮಾಡ್ಯೂಲನ್ನು ಮನೆಯಲ್ಲೇ ಬದಲಿಸಬಹುದೇ?

ಬದಲಿಸಬಹುದು. ಸ್ವಿಚ್ ಒತ್ತಿದಾಗ ಸೀಟಿನ ಮೋಟಾರುಗಳನ್ನು ಓಡಿಸುವ, ಸೀಟಿನಡಿಯ ಎಲೆಕ್ಟ್ರಾನಿಕ್ ಡಬ್ಬಿಯೇ ಈ ಮಾಡ್ಯೂಲ್. ಆದರೆ ಚಾಲಕನ ಸೀಟು ಅಲುಗುತ್ತಿಲ್ಲ ಎಂದ ಮಾತ್ರಕ್ಕೆ ಮಾಡ್ಯೂಲೇ ಹೋಗಿದೆ ಎಂದುಕೊಳ್ಳಬೇಡಿ. ಸರ್ವೀಸ್ ಸೆಂಟರಿನವರು ನನಗೂ ‘ಮಾಡ್ಯೂಲ್ ಹೋಗಿದೆ’ ಎಂದೇ ಹೇಳಿದ್ದರು, ಸೀಟಿನಡಿಗೆ ಬಗ್ಗಿ ಕೂಡ ನೋಡದೆ. ಮೊದಲು ಫ್ಯೂಸ್ ನೋಡಿ. ಆಮೇಲೆ ಸ್ವಿಚ್ ಒತ್ತಿ ಕಿವಿಗೊಡಿ. ಮಾಡ್ಯೂಲಿನೊಳಗಿನ ರಿಲೇ (ಮೋಟಾರಿಗೆ ಕರೆಂಟ್ ಹಾಯಿಸುವ ಸ್ವಿಚ್) ‘ಟಕ್’ ಎಂದರೆ ಮಾಡ್ಯೂಲಿನಲ್ಲಿ ಇನ್ನೂ ಜೀವವಿದೆ. ಮೋಟಾರನ್ನೋ ವೈರನ್ನೋ ಮೊದಲು ಅನುಮಾನಿಸಿ.

ನನ್ನ ಕಾರಿನಲ್ಲಿ ಆ ಸದ್ದೂ ಇರಲಿಲ್ಲ. ಸನ್‌ರೂಫಿನ ನೀರು ಹೋಗುವ ಕೊಳವೆ ಕಟ್ಟಿಕೊಂಡು ಕಾರ್ಪೆಟ್ಟಿನಡಿ ಮಳೆನೀರು ನಿಂತಿತ್ತು. ಮಾಡ್ಯೂಲ್ ಬಿಚ್ಚಿದರೆ ಪಿನ್ನುಗಳ ತುಂಬ ಹಿತ್ತಾಳೆ ಪಾತ್ರೆಗೆ ಹಿಡಿಯುವಂಥ ಹಸಿರು ಕಿಲುಬು. ನೀರಿನ ದಾರಿ ಸರಿಮಾಡದೆ ಹೊಸದು ಹಾಕಿದ್ದರೆ ಮುಂದಿನ ಮಳೆಗೆ ಅದಕ್ಕೂ ಅದೇ ಗತಿಯಾಗುತ್ತಿತ್ತು.

ಕೆಲಸಕ್ಕೆ ಕೂರುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಹತ್ತು ಹದಿನೈದು ನಿಮಿಷ ಸುಮ್ಮನಿರಿ. ಸೀಟಿನಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಅದಕ್ಕೆ ಮಲ್ಟಿಮೀಟರ್ ತಾಗಿಸಲೇಬೇಡಿ. ಅದು ಕಳಚಿರುವಾಗ ಇಗ್ನಿಷನ್ ಆನ್ ಮಾಡಿದರೆ ಎಚ್ಚರಿಕೆ ದೀಪ ಹತ್ತಿಕೊಳ್ಳುತ್ತದೆ, ಆರಿಸಲು ಕಾರಿನ ದೋಷ ಓದುವ ಸ್ಕ್ಯಾನರ್ ಹುಡುಕಬೇಕಾಗುತ್ತದೆ.

ನಿಜವಾದ ಪೇಚಾಟ ಸೀಟನ್ನು ಕಾರಿನ ನೆಲಕ್ಕೆ ಹಿಡಿದಿರುವ ಬೋಲ್ಟುಗಳದು. ಮುಂದಿನ ಎರಡು ಕೈಗೆ ಸಿಗಬೇಕಾದರೆ ಸೀಟು ಹಿಂದೆ ಸರಿಯಬೇಕು, ಹಿಂದಿನವು ಸಿಗಬೇಕಾದರೆ ಮುಂದೆ ಬರಬೇಕು. ಸರಿಯುವುದಿಲ್ಲ ಎಂಬುದೇ ತಾನೇ ನಮ್ಮ ದೂರು! ನಾನು ಸೀಟನ್ನು ಹಿಂದೆಮುಂದೆ ಸರಿಸುವ ಮೋಟಾರಿನ ಕನೆಕ್ಟರ್ ಬಿಡಿಸಿ, ದಪ್ಪ ವೈರುಗಳ ಎರಡು ಪಿನ್ನಿಗೆ ಬೇರೊಂದು 12 ವೋಲ್ಟ್ ಬ್ಯಾಟರಿಯಿಂದ, ನಡುವೆ ಫ್ಯೂಸ್ ಇಟ್ಟು, ನೇರವಾಗಿ ಕರೆಂಟ್ ಕೊಟ್ಟೆ. ಗುರ್ರೆಂದು ಸೀಟು ಹಿಂದೆ ಹೋಯಿತು. ವೈರು ಅದಲುಬದಲು ಮಾಡಿದೆ, ಮುಂದೆ ಬಂತು. ನಾಲ್ಕೂ ಬೋಲ್ಟ್ ಬಿಚ್ಚಿದ ಮೇಲೆ ಸೀಟನ್ನು ಕಾರಿನಿಂದ ಹೊರಗೆ ತೆಗೆಯಬೇಕಾಗಲಿಲ್ಲ, ಹಿಂದಕ್ಕೆ ವಾಲಿಸಿದ್ದೇ ಸಾಕಾಯಿತು. ಮಾಡ್ಯೂಲ್ ಹಿಡಿದಿದ್ದದ್ದು ಎರಡೇ ಸ್ಕ್ರೂ.

ಬದಲಿ ಮಾಡ್ಯೂಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಮೆಮೊರಿ ಇರುವ (ಕೂರುವವರ ಅಳತೆ ನೆನಪಿಟ್ಟುಕೊಳ್ಳುವ) ಸೀಟಿನದೂ ಇಲ್ಲದ್ದೂ ನೋಡಲು ಒಂದೇ ಥರದ ಡಬ್ಬಿಯಾಗಿರಬಹುದು. ಶಿವಾಜಿನಗರದ ಗುಜರಿಯಲ್ಲಿ ನಾನು ಮೊದಲು ಮೋಸಹೋದದ್ದು ಇಲ್ಲೇ. ಬೋಲ್ಟುಗಳನ್ನು ಕಂಪನಿ ಹೇಳಿದ ಅಳತೆಗೆ, ಬಿಗಿತ ತೋರಿಸುವ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಬೆಲ್ಟಿನ ಬಕಲ್ ಕೂಡ ಸೀಟಿಗೇ ಕೂತಿರುತ್ತದೆ.

ಹಲವು ಕಾರುಗಳಲ್ಲಿ ಹೊಸ ಮಾಡ್ಯೂಲಿಗೆ ಕೋಡಿಂಗ್ (ಅದನ್ನು ಆ ಕಾರಿಗೆ ಹೊಂದಿಸುವ ಕಂಪ್ಯೂಟರ್ ಕೆಲಸ) ಬೇಕು, ನನ್ನದಕ್ಕೂ ಬೇಕಾಯಿತು. ಆ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಬರುವವರೆಗೆ ಎರಡು ದಿನ, ಹಿಂದಿನ ಬೋಲ್ಟುಗಳಿಗಾಗಿ ಸೀಟನ್ನು ಮುಂದೆ ತಂದಿದ್ದ ಜಾಗದಲ್ಲೇ ಮೊಣಕಾಲು ಸ್ಟಿಯರಿಂಗಿಗೆ ತಾಗಿಸಿಕೊಂಡು ಕಾರು ಓಡಿಸಿದೆ.